ಎರಡನೇ ಗ್ರಾಫಿಕ್ಸ್ ಕಾರ್ಡ್‌ಗೆ ಮುನ್ನ ಸ್ಲಾಟಿನ ಲೆಕ್ಕ

ದೋಣಿಗಲ್‌ನಿಂದ ಸುಬ್ರಹ್ಮಣ್ಯ ರೋಡ್ ಕಡೆಗೆ ರೈಲು ಘಟ್ಟ ಇಳಿಯುವುದು ಒಂಟಿ ಹಳಿಯಲ್ಲಿ. ಎದುರಿನ ಗಾಡಿ ದಾಟುವವರೆಗೆ ಇನ್ನೊಂದು ನಿಲ್ದಾಣದಲ್ಲಿ ಕಾಯಬೇಕು. ಎಂಜಿನ್ ಎಷ್ಟು ಬಲವಾಗಿದ್ದರೂ ಅದು ತಪ್ಪದು. ಓಡುವ ಗಾಡಿಗಳೇ ಕಡಿಮೆಯಾದರೆ ಮಾತ್ರ ಒಂಟಿ ಹಳಿ ಸಾಕು. ಕಂಪ್ಯೂಟರಿಗೆ ಎರಡನೇ ಗ್ರಾಫಿಕ್ಸ್ ಕಾರ್ಡ್ ಹಾಕಹೊರಟವರೂ ಮೊದಲು ಕೇಳಬೇಕಾದದ್ದು ಇದನ್ನೇ: ಸ್ಲಾಟಿನ ಮೂಲಕ ಎಷ್ಟು ದತ್ತಾಂಶ ಓಡಾಡಲಿದೆ?

ಮದರ್‌ಬೋರ್ಡಿನ ಕೈಪಿಡಿಯಿಂದ ಶುರುಮಾಡಿ. ಸ್ಲಾಟಿನ ಉದ್ದವನ್ನು ನಂಬಬೇಡಿ. ಸಾಮಾನ್ಯ ಬೋರ್ಡುಗಳಲ್ಲಿ ಪ್ರೊಸೆಸರಿನಿಂದ ಗ್ರಾಫಿಕ್ಸಿಗೆ ಸಿಗುವುದು 16 ಲೇನ್, ಅಂದರೆ ದತ್ತಾಂಶ ಓಡುವ 16 ಹಳಿ. ಕೆಲವು ಬೋರ್ಡು ಅದನ್ನು 8–8 ಎಂದು ಹಂಚುತ್ತವೆ. ಅನೇಕವುಗಳಲ್ಲಿ ಎರಡನೇ ಉದ್ದ ಸ್ಲಾಟಿಗೆ ಚಿಪ್‌ಸೆಟ್ ಮೂಲಕ ಬರುವ 4 ಲೇನ್ ಮಾತ್ರ. ಸ್ಲಾಟಿನ ಮಾನಕವಾದ ಪಿಸಿಐಇಯ 3.0 ತಲೆಮಾರಿನಲ್ಲಿ ಒಂದು ಲೇನ್ ಸೆಕೆಂಡಿಗೆ ಸುಮಾರು 1 ಗಿಗಾಬೈಟ್ ಸಾಗಿಸುತ್ತದೆ, 4.0ರಲ್ಲಿ ಅದರ ಎರಡರಷ್ಟು. ಹೀಗಾಗಿ 4.0ರ 8 ಲೇನ್ 3.0ರ 16 ಲೇನಿಗೆ ಸಮ.

ಆಮೇಲೆ ನಿಮ್ಮ ಕೆಲಸ ಯಾವುದೆಂದು ನೋಡಿ. ಬ್ಲೆಂಡರ್ ತಂತ್ರಾಂಶದ ಸೈಕಲ್ಸ್ ರೆಂಡರರ್‌ನಲ್ಲಿ ದೃಶ್ಯ ಎರಡೂ ಕಾರ್ಡುಗಳ ಮೆಮೊರಿಗೆ ಒಮ್ಮೆ ಸೇರಿದರೆ, ಮುಂದೆ ಒಂದೊಂದೂ ತನ್ನ ಪಾಲನ್ನು ತಾನೇ ಮುಗಿಸುತ್ತದೆ. 10 ಗಿಗಾಬೈಟ್ ದೃಶ್ಯ 3.0ರ 4 ಲೇನಿನಲ್ಲಿ ತುಂಬಲು ಎರಡೂವರೆ ಸೆಕೆಂಡ್ ಹಿಡಿದರೂ, ಗಂಟೆಗಟ್ಟಲೆಯ ರೆಂಡರಿಂಗ್‌ನಲ್ಲಿ ಅದು ಲೆಕ್ಕಕ್ಕಿಲ್ಲ. ಭಾಷಾ ಮಾದರಿಯನ್ನು ಪದರಗಳಾಗಿ ಎರಡು ಕಾರ್ಡಿಗೆ ಹಂಚಿ ಉತ್ತರ ಪಡೆಯುವಾಗಲೂ ನಡುವೆ ದಾಟುವ ದತ್ತಾಂಶ ಅಲ್ಪ. ಒಂದೊಂದು ಪದರವನ್ನೂ ಸೀಳಿ ಹಂಚಿದರೆ, ಅಥವಾ ಮಾದರಿಗೆ ತರಬೇತಿ ಕೊಡುವುದಾದರೆ ಮಾತು ಬೇರೆ: ಆಗ ಕಾರ್ಡುಗಳು ಎಡೆಬಿಡದೆ ಮಾತಾಡುತ್ತವೆ, 4 ಲೇನ್ ಅವನ್ನು ಕಾಯಿಸುತ್ತದೆ.

ಹಾಗಾದರೆ ಆರ್‌ಎಕ್ಸ್ 6500 ಎಕ್ಸ್‌ಟಿ ಹಳೆಯ 3.0 ಬೋರ್ಡಿನಲ್ಲಿ ಸೊರಗಿದ್ದೇಕೆ ಎಂದು ಕೇಳಬಹುದು. 2022ರ ಆ ಕಾರ್ಡಿಗಿರುವುದು 4 ಗಿಗಾಬೈಟ್ ಮೆಮೊರಿ, 4 ಲೇನ್. ಮೆಮೊರಿ ತುಂಬಿ ತುಳುಕಿದಾಗ ಗೇಮ್ ಸ್ಲಾಟಿನಾಚೆಯ ರ‍್ಯಾಮ್‌ಗೆ ಕೈಚಾಚಬೇಕಾಯಿತು. ದಾರಿಯ ಇಕ್ಕಟ್ಟು ಬಯಲಾದದ್ದು ಆಗಲೇ. ಮೆಮೊರಿ ಸಾಕಷ್ಟಿದ್ದ ಕಾರ್ಡು 16ರಿಂದ 8 ಲೇನಿಗೆ ಇಳಿದರೂ ಬಹುತೇಕ ಗೇಮುಗಳಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ರೆಂಡರಿಂಗ್‌ನಲ್ಲೂ ಎರಡು 8 ಗಿಗಾಬೈಟ್ ಕಾರ್ಡು ಸೇರಿ 16 ಆಗುವುದಿಲ್ಲ, ದೃಶ್ಯ ಎರಡರಲ್ಲೂ ಪೂರ್ತಿ ಹಿಡಿಸಬೇಕು. ಹಾಗಾಗಿ ಅಗಲ ಸ್ಲಾಟಿನ ದುಬಾರಿ ಬೋರ್ಡಿಗೆ ಸುರಿಯುವ ಹಣ ಕಾರ್ಡಿನ ಮೆಮೊರಿಗೆ ಹೋಗುವುದೇ ಮೇಲು.

ಕಾರ್ಡು ಕೂರಿಸಿದ ಮೇಲೆ ಜಿಪಿಯು-ಝಡ್ ತಂತ್ರಾಂಶದಲ್ಲಿ ಲೇನ್ ಎಷ್ಟೆಂದು ನೋಡಿ. ಕೆಲಸವಿಲ್ಲದಾಗ ಕಾರ್ಡು ವಿದ್ಯುತ್ ಉಳಿಸಲು ಹಳೆಯ ತಲೆಮಾರಿನ ವೇಗಕ್ಕೆ ಇಳಿಯುತ್ತದೆ, ಅದನ್ನು ಕಂಡು ಗಾಬರಿ ಬೇಡ. ಭಾರ ಕೊಟ್ಟು ಮತ್ತೆ ಅಳೆಯಿರಿ. ಎರಡಕ್ಕೂ ಸಾಕಾಗುವ ಪವರ್ ಸಪ್ಲೈ ಇದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ, ಸ್ಲಾಟ್ ಕೊಡುವುದು 75 ವ್ಯಾಟ್ ಮಾತ್ರ. ಗೇಮಿಗಾಗಿಯೇ ಎರಡನೇ ಕಾರ್ಡು ಬೇಕೆನ್ನುವವರು ಆ ಯೋಚನೆ ಕೈಬಿಡಿ: ಗೇಮಿಗಾಗಿ ಎರಡು ಕಾರ್ಡು ಜೋಡಿಸುವ ಎಸ್‌ಎಲ್‌ಐಗೆ ಹೊಸ ಡ್ರೈವರ್ ಪ್ರೊಫೈಲ್ ಸೇರಿಸುವುದನ್ನು ಎನ್‌ವಿಡಿಯಾ 2021ರ ಆರಂಭದಲ್ಲೇ ನಿಲ್ಲಿಸಿದೆ.