ಜೋಳದ ರೊಟ್ಟಿಯೂ ಒಂದು ಕಿಣ್ವವೂ

ಕಂಪ್ಲಿಯ ಕಡೆ ನೀರಾವರಿಯ ಗದ್ದೆಗಳಿರುವದರಿಂದ ಅನ್ನವು ಧಾರಾಳವಾಗಿ ಉಂಟು. ಹೊಸಪೇಟೆ, ಸಂಡೂರುಗಳ ಸುತ್ತಣ ಬೆದ್ದಲು ಸೀಮೆಯಲ್ಲಾದರೋ ಜೋಳದ ರೊಟ್ಟಿಯಿಲ್ಲದ ಊಟವು ಊಟವೆನಿಸದು. ಈ ರೊಟ್ಟಿಯನ್ನು ಕುರಿತು ನಮ್ಮ ಹಳೆಯ ವಿದ್ಯಾರ್ಥಿನಿಯರಾದ ತಾಯಂದಿರು ಅರಿತಿರತಕ್ಕ ಸಂಗತಿಯೊಂದಿದೆ.

ಪೆಲಾಗ್ರ ಎಂಬ ರೋಗದಲ್ಲಿ ಬಿಸಿಲು ತಾಗುವ ಕತ್ತು, ಮುಂಗೈ, ಪಾದಗಳ ಚರ್ಮವು ಕಪ್ಪಾಗಿ ಒರಟಾಗುವದು, ನಾಲಿಗೆ ಉರಿಯುವದು, ಭೇದಿಯಾಗುವದು, ಕಡೆಗೆ ಬುದ್ಧಿಯೂ ಕದಡುವದು. ಇದನ್ನು ಕುಷ್ಠವೆಂದೋ ಶಾಪವೆಂದೋ ಎಣಿಸಿ ರೋಗಿಯನ್ನು ದೂರವಿರಿಸುವದು ಅನ್ಯಾಯ. ಇದು ಅಂಟುರೋಗವಲ್ಲ, ಆಹಾರದ ಕೊರತೆಯೆಂದು ಅಮೆರಿಕದ ವೈದ್ಯರಾದ ಗೋಲ್ಡ್‌ಬರ್ಗರರು ನೂರು ವರುಷಗಳ ಹಿಂದೆಯೇ ತೋರಿಸಿದರು. ಆ ಕೊರತೆಯು ನಯಾಸಿನ್ ಎಂಬ ಜೀವಸತ್ವದ್ದೆಂಬುದು 1937ರಲ್ಲಿ ಸ್ಪಷ್ಟವಾಯಿತು.

ನಯಾಸಿನ್ ಆಹಾರದಿಂದ ನೇರವಾಗಿ ದೊರೆಯುವದಲ್ಲದೆ, ಸಸಾರಜನಕದಲ್ಲಿರುವ ಟ್ರಿಪ್ಟೊಫಾನ್ ಎಂಬ ಅಂಶದಿಂದ ದೇಹವೇ ಅದನ್ನು ಕೊಂಚ ಮಾಡಿಕೊಳ್ಳುವದು. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫಾನಿನಿಂದ 1 ಮಿಲಿಗ್ರಾಂ. ಹತ್ತಿಯು ಹಲವು ಕೈಗಳನ್ನು ದಾಟಿ ಸೀರೆಯಾಗುವಂತೆ ಈ ಕೆಲಸವೂ ಹಂತಹಂತವಾಗಿ ಸಾಗುವದು; ಪ್ರತಿ ಹಂತಕ್ಕೂ ಒಂದೊಂದು ಕಿಣ್ವವು ಬೇಕು. ಅವುಗಳಲ್ಲಿ ಕೈನುರೆನಿನೇಸ್ ಎಂಬುದು ಬಿ6 ಜೀವಸತ್ವದ ನೆರವಿಲ್ಲದೆ ದುಡಿಯದು.

ಮೆಕ್ಕೆಜೋಳದಲ್ಲಿರುವಷ್ಟು ಟ್ರಿಪ್ಟೊಫಾನಿನ ಅಭಾವವು ನಮ್ಮ ಜೋಳದಲ್ಲಿಲ್ಲ. ಹಾಗಿದ್ದರೂ ದಖ್ಖಣದ ಬಡವರಲ್ಲಿ, ಜೋಳವನ್ನೇ ನಂಬಿದವರಲ್ಲಿ, ಪೆಲಾಗ್ರ ಕಾಣಿಸಿತು. ಹೈದರಾಬಾದಿನಲ್ಲಿ ಪೋಷಣೆಯ ಸಂಶೋಧನೆ ನಡೆಸಿದ ಡಾಕ್ಟರ್ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರಲ್ಲಿ ಇದಕ್ಕೊಂದು ಕಾರಣವನ್ನು ಸೂಚಿಸಿದರು: ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶವು ಈ ಹಂತಗಳ ಕೆಲಸಕ್ಕೆ ಅಡ್ಡಿಯಾಗುವದೆಂದು. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿದರೆಂದು ಹೇಳಲಾಗದು.

ಇಂಥ ವಾದಗಳನ್ನು ಒರೆಗೆ ಹಚ್ಚಲು ಕಿಣ್ವವೇ ಕೈಗೆ ಸಿಕ್ಕಬೇಕಷ್ಟೆ. ಮೊದಲು ಪ್ರಾಣಿಗಳ ಯಕೃತ್ತನ್ನು ಅರೆದು ಅದನ್ನು ತೆಗೆಯುತ್ತಿದ್ದರು. ಈಗ ಮನುಷ್ಯರ ಜೀನನ್ನು ಬ್ಯಾಕ್ಟೀರಿಯದೊಳಗೆ ಸೇರಿಸಿ, ಮನುಷ್ಯರ ಕಿಣ್ವವನ್ನೇ ಅದರಿಂದ ಮಾಡಿಸಿ, ಶುದ್ಧಪಡಿಸಿ ಪ್ರಯೋಗಶಾಲೆಗಳಿಗೆ ಒದಗಿಸುತ್ತಾರೆ. (ಸೂಕ್ಷ್ಮಜೀವಿಗಳನ್ನು ದುಡಿಸಿಕೊಳ್ಳುವದು ಹಾಲಿಗೆ ಹೆಪ್ಪು ಹಾಕುವ ನಮ್ಮ ಅಜ್ಜಿಯರಿಗೆ ಹೊಸದೇನಲ್ಲ!) ಅದು ಔಷಧವಲ್ಲ, ಪರೀಕ್ಷೆಯ ಸಾಧನ ಮಾತ್ರ.

ಜೋಳವನ್ನು ಬಿಡಬೇಕೆಂದು ನಾನು ಹೇಳುವದಿಲ್ಲ. ಅದರೊಡನೆ ಬೇಳೆ, ಹೆಸರುಕಾಳು, ಶೇಂಗಾ, ಹಾಲು, ಆಗುವವರಿಗೆ ಮೊಟ್ಟೆ ಇರಲಿ. ಅನೇಕ ಮನೆಗಳಲ್ಲಿ ಎಲ್ಲರಿಗಿಂತ ಕಡೆಗೆ ಉಣ್ಣುವವಳು ತಾಯಿ. ಬೇಳೆ ತೀರಿದ ಮೇಲೆ ಅವಳ ಪಾಲಿಗೆ ರೊಟ್ಟಿ, ಖಾರ ಇಷ್ಟೇ. ಅವಳ ಪಾಲನ್ನು ಮೊದಲೇ ತೆಗೆದಿರಿಸಿರಿ. ಕತ್ತಿನ ಸುತ್ತ ಕಪ್ಪು ಪಟ್ಟಿಯು ಕಂಡರೆ ಎಣ್ಣೆ ಹಚ್ಚಿ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ರೋಗವು ಪೆಲಾಗ್ರವೇ ಆಗಿದ್ದರೆ, ನಯಾಸಿನ್ ಕೊಟ್ಟ ಕೆಲವೇ ದಿನಗಳಲ್ಲಿ ನಾಲಿಗೆಯ ಉರಿ ಇಳಿಯುವದು.