ಸೀಟಿಗೆ ದುಡ್ಡು ಕಟ್ಟುವ ಮುನ್ನ

ರಜೆಗೆಂದು ವಿಮಾನದ ಟಿಕೆಟ್ ಬುಕ್ ಮಾಡುವ ಅನೇಕರು ಒಂದೇ ಜಾಗದಲ್ಲಿ ಎಡವುತ್ತಾರೆ. ಹೆಸರು, ವಯಸ್ಸು ತುಂಬಿದ ಕೂಡಲೇ ವಿಮಾನದ ನಕ್ಷೆ ತೆರೆದುಕೊಳ್ಳುತ್ತದೆ, ಸೀಟುಗಳ ಮೇಲೆಲ್ಲ ಬೆಲೆಪಟ್ಟಿ. ಆರಿಸದಿದ್ದರೆ ಟಿಕೆಟ್ಟೇ ಆಗುವುದಿಲ್ಲವೇನೋ ಎಂದುಕೊಂಡು ಮನೆಮಂದಿಗೆಲ್ಲ ಕಟ್ಟಿಬಿಡುತ್ತಾರೆ. ಹಾಗೇನಿಲ್ಲ. ಟಿಕೆಟ್ ದರದಲ್ಲೇ ಒಂದು ಸೀಟು ಸೇರಿದೆ. ಶುಲ್ಕ ಇರುವುದು ಇಂಥದ್ದೇ ಬೇಕೆಂಬ ಹಟಕ್ಕೆ.

2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಹಾರಾಟ ಶುರು ಮಾಡಿದಾಗ ಸೀಟ್ ನಂಬರಿನ ತಂಟೆಯೇ ಇರಲಿಲ್ಲ, ಮೊದಲು ಹತ್ತಿದವರಿಗೆ ಕಿಟಕಿ. ಈಗ ಎಲ್ಲರಿಗೂ ನಂಬರ್ ಇದೆ, ಆದರೂ ಗೇಟಿನ ಬಳಿ ಅದೇ ನೂಕುನುಗ್ಗಲು. ಆ ಅವಸರವನ್ನೇ ‘ಪ್ರಯಾರಿಟಿ ಬೋರ್ಡಿಂಗ್’ ಹೆಸರಲ್ಲಿ ಮಾರುತ್ತಾರೆ. ತಲೆಮೇಲಿನ ಗೂಡಿನಲ್ಲಿ ಬ್ಯಾಗಿಗೆ ಬೇಗ ಜಾಗ ಸಿಗುತ್ತದೆ, ಅಷ್ಟೇ. ನಾನಂತೂ ಅದಕ್ಕೆ ದುಡ್ಡು ಕೊಡಿ ಎನ್ನಲಾರೆ.

ನಕ್ಷೆ ಬಂದಾಗ ಪುಟದ ಕೆಳಗೋ ಮೂಲೆಯಲ್ಲೋ ಸಣ್ಣಕ್ಷರದಲ್ಲಿ ‘ಸ್ಕಿಪ್’ ಇರುತ್ತದೆ. ಅದನ್ನು ಒತ್ತಿ. ನಡುವಿನ ಸೀಟು ಬಂದೀತು ಎಂದು ಹೆದರಿಸುವ ಪೆಟ್ಟಿಗೆಯೊಂದು ಎದುರಾಗಬಹುದು. ಅದನ್ನೂ ದಾಟಿ. ಮೊದಲೇ ಟಿಕ್ ಆಗಿ ಕೂತಿರುವ ವಿಮೆ, ಊಟಗಳಿದ್ದರೆ ತೆಗೆಯಿರಿ.

ಇನ್ನು ಮಕ್ಕಳಿರುವವರು ಗಮನವಿಟ್ಟು ಓದಬೇಕಾದ್ದು ಪಿಎನ್‌ಆರ್, ಅಂದರೆ ಬುಕಿಂಗ್ ಸಂಖ್ಯೆಯ ವಿಷಯ. 12 ವರ್ಷದವರೆಗಿನ ಮಗುವಿಗೆ ಜೊತೆಗಿರುವ ಪೋಷಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಸೀಟು ಕೊಡಬೇಕೆಂದು ವಿಮಾನಯಾನ ನಿಯಂತ್ರಕ ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ವಿಮಾನ ಸಂಸ್ಥೆಗಳಿಗೆ ಸೂಚಿಸಿದೆ. ಆದರೆ ಇಬ್ಬರೂ ಒಂದೇ ಪಿಎನ್‌ಆರ್‌ನಲ್ಲಿರಬೇಕು. ಎಡವಟ್ಟಾಗುವುದು ಇಲ್ಲೇ. ಅಗ್ಗದ ದರದಲ್ಲಿ ಎರಡೇ ಸೀಟು ಉಳಿದಿದ್ದಾಗ ನಾಲ್ಕು ಕೇಳಿದರೆ ನಾಲ್ಕಕ್ಕೂ ದುಬಾರಿ ದರವೇ ಬೀಳುತ್ತದೆ. ಉದಾಹರಣೆಗೆ 4,200 ರೂಪಾಯಿಯ ಎರಡು ಇದ್ದು, ಮುಂದಿನ ದರ 4,700 ಎಂದಿಟ್ಟುಕೊಳ್ಳಿ. ಇಬ್ಬಿಬ್ಬರಾಗಿ ಒಡೆದರೆ ಸಾವಿರ ರೂಪಾಯಿ ಉಳಿತಾಯ. ಈ ಲೆಕ್ಕ ಬಲ್ಲ ಜಾಣರು ಅಪ್ಪ–ಅಮ್ಮನಿಗೆ ಒಂದು ಟಿಕೆಟ್, ಮಕ್ಕಳಿಬ್ಬರನ್ನು ಅಜ್ಜನ ಟಿಕೆಟ್ಟಿಗೆ ಸೇರಿಸಿ ಇನ್ನೊಂದು ಎಂದು ಮಾಡಿಬಿಡುತ್ತಾರೆ. ಮಗು ಅಮ್ಮನ ಪಕ್ಕವೇ ಕೂರಬೇಕೆಂದು ಆಮೇಲೆ ಕೌಂಟರಿನಲ್ಲಿ ಗೋಗರೆದರೆ ಅದು ಅವರ ದಯೆ, ನಿಮ್ಮ ಹಕ್ಕಲ್ಲ. ವಿಮಾನ ರದ್ದಾದರಂತೂ ಒಂದು ಪಿಎನ್‌ಆರ್ ಬೆಳಗಿನ ವಿಮಾನಕ್ಕೆ, ಇನ್ನೊಂದು ರಾತ್ರಿಯದಕ್ಕೆ ಹೋದರೂ ಹೋಯಿತು. ಒಡೆಯಲೇಬೇಕಾದರೆ ಅಮ್ಮನೊಂದಿಗೆ ಚಿಕ್ಕದು, ಅಪ್ಪನೊಂದಿಗೆ ದೊಡ್ಡದು ಹೀಗೆ ಒಡೆಯಿರಿ. ಸಾಮಾನ್ಯವಾಗಿ ಒಂದು ಬುಕಿಂಗಿನಲ್ಲಿ 9 ಜನರಿಗೆ ಮಿತಿ ಇರುವುದರಿಂದ, ಮದುವೆಗೋ ತೀರ್ಥಯಾತ್ರೆಗೋ ಹೊರಟ ದೊಡ್ಡ ಕುಟುಂಬಕ್ಕೂ ಇದೇ ಸೂತ್ರ.

ಸ್ಕಿಪ್ ಮಾಡಿದವರು ಸೀಟು ಪಡೆಯುವುದು ಚೆಕ್‌ಇನ್ ವೇಳೆ. ಬಹುತೇಕ ದೇಶೀಯ ವಿಮಾನಗಳ ವೆಬ್ ಚೆಕ್‌ಇನ್ 48 ಗಂಟೆ ಮೊದಲು ತೆರೆಯುತ್ತದೆ. ಅಲಾರಂ ಇಟ್ಟುಕೊಳ್ಳಿ. ಉಚಿತ ಸೀಟುಗಳು ಹೋಗುವುದು ಮೊದಲ ಕೆಲವು ಗಂಟೆಗಳಲ್ಲೇ.

ದುಡ್ಡು ಕೊಟ್ಟೇ ಕೂರುತ್ತೇನೆನ್ನುವವರು ಯಾವ ವಿಮಾನ ಎಂದಾದರೂ ನೋಡಿ. ಮೈಸೂರು, ಶಿವಮೊಗ್ಗದಂಥ ಊರುಗಳಿಗೆ ಬರುವ ಎಟಿಆರ್‌ನಲ್ಲಿ ಎರಡು ಪಕ್ಕದಲ್ಲೂ ಎರಡೆರಡೇ ಸೀಟು, ನಡುವಿನ ಸೀಟೆಂಬುದೇ ಇಲ್ಲ. ಹತ್ತಿಳಿಯುವ ಬಾಗಿಲಿರುವುದು ಹಿಂಬದಿಯಲ್ಲಿ. ಬೇಗ ಇಳಿಯಲೆಂದು ಮುಂದಿನ ಸಾಲಿಗೆ ಹೆಚ್ಚು ಕೊಟ್ಟವರು ಎಲ್ಲರಿಗಿಂತ ಕೊನೆಗೆ ಇಳಿಯುತ್ತಾರೆ! ದೊಡ್ಡ ವಿಮಾನದ ತುರ್ತು ಬಾಗಿಲಿನ ಸಾಲು ಕಾಲು ಚಾಚಲು ಚೆನ್ನ. ಆದರೆ ಮಕ್ಕಳು, ಗರ್ಭಿಣಿಯರು, ವಯಸ್ಸಾದವರನ್ನು ಅಲ್ಲಿಂದ ಎಬ್ಬಿಸುತ್ತಾರೆ.

ವೆಬ್ ಚೆಕ್‌ಇನ್ ಹೊತ್ತಿಗೆ ಮೊಬೈಲ್ ಕೈಕೊಟ್ಟರೆ ಗಾಬರಿ ಬೇಡ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡಲು ಹೆಚ್ಚುವರಿ ಶುಲ್ಕ ಕೇಳುವಂತಿಲ್ಲ ಎಂದು ನಾಗರಿಕ ವಿಮಾನಯಾನ ಸಚಿವಾಲಯ 2022ರ ಜುಲೈನಲ್ಲೇ ಹೇಳಿದೆ. ಕೇಳಿದರೆ ಈ ಮಾತು ಎತ್ತಿ, ಕಟ್ಟಿದ್ದರೆ ರಸೀದಿ ಇಟ್ಟುಕೊಂಡು ಸಚಿವಾಲಯದ ಜಾಲತಾಣ ‘ಏರ್‌ಸೇವಾ’ದಲ್ಲಿ ದೂರು ಕೊಡಿ.

ಇದೆಲ್ಲ ನಮ್ಮ ದೇಶದೊಳಗಿನ ಮಾತು. ಯುರೋಪಿನ ರಯನ್‌ಏರ್‌ನಲ್ಲಿ ಆನ್‌ಲೈನ್ ಚೆಕ್‌ಇನ್ ಮಾಡದೆ ನಿಲ್ದಾಣಕ್ಕೆ ಹೋದರೆ ತಲೆಗೆ 55 ಯೂರೋವರೆಗೂ ತೆರಬೇಕಾದೀತು. ಅಮೆರಿಕದ ಸೌತ್‌ವೆಸ್ಟ್‌ನಲ್ಲಿ ‘ಎಲ್ಲಿ ಬೇಕಾದರೂ ಕೂರಿ’ ಪದ್ಧತಿ 2026ರ ಜನವರಿ 27ಕ್ಕೆ ಮುಗಿದಿದೆ. ಅಲ್ಲಿನ ಮಕ್ಕಳ ಮನೆಗೆ ಹೋಗುವ ಹಿರಿಯರು ಹಳೆಯ ಸಲಹೆ ನಂಬದೆ ಹೊಸ ನಿಯಮ ಕೇಳಿಕೊಂಡೇ ಹೊರಡಲಿ.