ಮಗು ಉಳಿಯದಿದ್ದಾಗ ವಾರ್ಡಿನಲ್ಲಿ ಸಿಸ್ಟರ್ ಏನು ಮಾಡಬಹುದು?

ಸ್ಕ್ಯಾನಿಂಗ್ ಆದ ಮೇಲೆ ವಿಷಯ ಹೇಳುವುದು ಡಾಕ್ಟರು. ಆದರೆ ಆಮೇಲಿನ ಗಂಟೆಗಳುದ್ದಕ್ಕೂ ಆ ತಾಯಿಯ ಬಳಿ ಇರುವವರು ಸಿಸ್ಟರು. ಮೂರು ತಿಂಗಳಿಗೇ ಗರ್ಭಪಾತವಾಗಿರಲಿ, ದಿನ ತುಂಬಿದ ಮಗು ಹೊಟ್ಟೆಯಲ್ಲೇ ತೀರಿಕೊಂಡಿರಲಿ, ಆ ಹೊತ್ತಿನಲ್ಲಿ ಕೇಳಿದ ಮಾತನ್ನು ಆಕೆ ಬಹುಕಾಲ ಮರೆಯುವುದಿಲ್ಲ. ವಾರ್ಡುಗಳಲ್ಲಿ ಕೆಲಸ ಮಾಡುವ ಸಿಸ್ಟರುಗಳಿಗಾಗಿ ಇಲ್ಲಿ ಕೆಲವು ಹೆಜ್ಜೆಗಳಿವೆ. ಮನೆಯವರೂ ಓದಬಹುದು.

ಮೊದಲು ಹಾಸಿಗೆ

ಮಗು ಕಳೆದುಕೊಂಡವಳನ್ನು ಬಾಣಂತಿಯರ ಸಾಲಿನಲ್ಲಿ ಮಲಗಿಸಬೇಡಿ. ಸ್ತ್ರೀರೋಗ ವಾರ್ಡಿಗೆ ಕಳಿಸಬಹುದಾದರೆ ಕಳಿಸಿ. ತಾಲ್ಲೂಕು ಆಸ್ಪತ್ರೆಯಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಮೂಲೆಯ ಮಂಚ ಕೊಟ್ಟು ಪರದೆ ಎಳೆಯಿರಿ. ಕೇಸ್ ಶೀಟಿನ ಮೇಲೆ ಎಲ್ಲರಿಗೂ ಗೊತ್ತಾಗುವ ಒಂದು ಗುರುತು ಹಾಕಿ, ಡ್ಯೂಟಿ ಬದಲಾಗುವಾಗ ಬಾಯಲ್ಲೂ ಹೇಳಿ. ಆಯಾಗೂ ತಿಳಿಸಿ. ‘ಪಾಪು ಹಾಲು ಕುಡೀತೇನಮ್ಮಾ?’ ಎಂದು ಗೊತ್ತಿಲ್ಲದೆ ಕೇಳುವ ಪ್ರಶ್ನೆ ಆಕೆಯನ್ನು ಎಷ್ಟು ನೋಯಿಸುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ನೋವು ಬರಿಸಿ ಹೆರಿಗೆ ಮಾಡಿಸಬೇಕಾದಾಗ ಅಮ್ಮನೋ ಅಕ್ಕನೋ ಗಂಡನೋ, ಆಕೆ ಬಯಸಿದವರು ಜೊತೆಗಿರಲು ಬಿಡಿ.

ಏನು ಹೇಳಬೇಕು?

ನಿಂತು ಮಾತಾಡಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ‘ಸ್ವಲ್ಪ ತೊಂದರೆ ಇದೆ’ ಎಂದು ಸುತ್ತಿ ಬಳಸಿದರೆ ಆಕೆ ಮಗು ಬದುಕಿದೆ ಎಂದೇ ನಂಬಿರುತ್ತಾಳೆ. ಡಾಕ್ಟರು ಹೇಳಿದ್ದು ಅರ್ಥವಾಗಿದೆಯೇ ಎಂದು ಕೇಳಿ, ಬೇಕಿದ್ದರೆ ಮತ್ತೆ ಹೇಳಿ: ‘ಮಗುವಿನ ಎದೆಬಡಿತ ನಿಂತುಹೋಗಿದೆ ಕಣಮ್ಮ, ಮಗು ತೀರಿಕೊಂಡಿದೆ. ನಾನು ಇಲ್ಲೇ ಇರ್ತೀನಿ.’ ಅಳು ಬಂದರೆ ಅಳಲಿ. ‘ಇನ್ನೂ ಚಿಕ್ಕ ವಯಸ್ಸು, ಮತ್ತೆ ಆಗುತ್ತೆ ಬಿಡು’ ಎಂಬ ಸಮಾಧಾನ ಮಾತ್ರ ಬೇಡ. ಆಕೆ ಅಳುತ್ತಿರುವುದು ಈ ಮಗುವಿಗಾಗಿ.

ಇಷ್ಟರಲ್ಲೇ ಮನೆಯವರ ತನಿಖೆ ಶುರುವಾಗಿರುತ್ತದೆ. ಕೊಡ ಎತ್ತಿದಳು, ಪಪ್ಪಾಯಿ ತಿಂದಳು, ಗ್ರಹಣದ ದಿನ ಹೊರಗೆ ಬಂದಳು. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ವರ್ಣತಂತುಗಳ ದೋಷ. ಅದನ್ನು ತಾಯಿ ತಡೆಯುವಂತಿಲ್ಲ. ಇದನ್ನು ಆಕೆಯ ಕಿವಿಯಲ್ಲಿ ಹೇಳಿದರೆ ಸಾಲದು, ಅತ್ತೆಯ ಎದುರಿಗೇ ಹೇಳಬೇಕು. ಬಿಳಿ ಸಮವಸ್ತ್ರದ ಮಾತಿಗೆ ಮನೆಯಲ್ಲಿ ತೂಕವಿದೆ. ಔಷಧದ ಚೀಟಿ ಹಿಡಿದು ಓಡಾಡುತ್ತಿರುವ ಗಂಡನಿಗೂ ಒಂದು ಕುರ್ಚಿ ಕೊಡಿ. ಅವನೂ ಮಗುವನ್ನು ಕಳೆದುಕೊಂಡಿದ್ದಾನೆ.

ಮಗುವನ್ನು ನೋಡುವ ಅವಕಾಶ

ತಾಯಿಗೆ ಎಚ್ಚರವಾಗುವಷ್ಟರಲ್ಲಿ ಗಂಡಸರು ಮಗುವನ್ನು ಮಣ್ಣು ಮಾಡಿ ಬಂದಿರುವುದು ನಮ್ಮಲ್ಲಿ ಸಾಮಾನ್ಯ. ನೋಡಿದರೆ ದುಃಖ ಹೆಚ್ಚುತ್ತದೆ ಎಂಬ ಕಾಳಜಿ ಅದರ ಹಿಂದಿರುತ್ತದೆ. ಆದರೂ ಆಕೆಯನ್ನು ಕೇಳದೆ ಮಗುವನ್ನು ಕಳಿಸಿಕೊಡಬಾರದು. ‘ನೋಡ್ತೀಯಾಮ್ಮಾ? ಎತ್ಕೋಬೇಕಾ?’ ಎಂದು ಕೇಳಿ. ಬೇಡ ಎಂದರೆ ಒತ್ತಾಯಿಸಬೇಡಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳಿ. ಮಗು ಹೊಟ್ಟೆಯೊಳಗೆ ತೀರಿಕೊಂಡು ದಿನಗಳಾಗಿದ್ದರೆ ಚರ್ಮ ಸುಲಿದಿರಬಹುದು, ಬಣ್ಣ ಕಪ್ಪಾಗಿರಬಹುದು. ಇದನ್ನು ಮೊದಲೇ ತಿಳಿಸಿ. ಒರೆಸಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಎಳೆಗೂಸನ್ನು ಕೊಡುವಂತೆಯೇ ಎರಡೂ ಕೈಯಲ್ಲಿ ಕೊಡಿ. ತಂದೆತಾಯಿ ಬಯಸಿದರೆ ಪಾದದ ಗುರುತು ಅಥವಾ ಒಂದು ಫೋಟೊ ತೆಗೆದುಕೊಳ್ಳಲಿ. ಹೆಸರಿಟ್ಟಿದ್ದರೆ ನೀವೂ ಆ ಹೆಸರಿನಿಂದಲೇ ಕರೆಯಿರಿ.

ಹಾಲಿನ ಬಗ್ಗೆ ಹೇಳಿ ಕಳಿಸಿ

ನನ್ನ ಮಟ್ಟಿಗೆ ಅತಿ ಹೆಚ್ಚು ಮರೆತುಹೋಗುವ ಮಾತು ಇದು. ನಾಲ್ಕೈದು ತಿಂಗಳು ದಾಟಿದ ಗರ್ಭವಾಗಿದ್ದರೆ ಎರಡು ಮೂರು ದಿನದಲ್ಲಿ ಎದೆ ಗಟ್ಟಿಯಾಗಿ ಹಾಲು ಇಳಿಯಬಹುದು. ಮೊದಲೇ ತಿಳಿಯದಿದ್ದರೆ ಮನೆಗೆ ಹೋದ ಮೇಲೆ ಒದ್ದೆಯಾದ ರವಿಕೆ ನೋಡಿ ಆಕೆ ಕುಸಿದುಹೋಗುತ್ತಾಳೆ. ಮೈಗೆ ಸರಿಹೊಂದುವ ಬ್ರಾ ಹಾಕಿಕೊಳ್ಳಲಿ, ಬಿಗಿಯಾಗಿ ಬಟ್ಟೆ ಕಟ್ಟುವುದು ಬೇಡ. ತಣ್ಣೀರು ಬಟ್ಟೆ ಇಟ್ಟುಕೊಳ್ಳಲಿ. ತೀರಾ ಬಿಗಿತವಾದರೆ ಹಾಯೆನಿಸುವಷ್ಟು ಮಾತ್ರ ಹಿಂಡಿ ತೆಗೆಯಬಹುದು. ಪೂರ್ತಿ ತೆಗೆದರೆ ಇನ್ನಷ್ಟು ಬರುತ್ತದೆ. ಹಾಲು ನಿಲ್ಲಿಸುವ ಮಾತ್ರೆ ಎಲ್ಲರಿಗೂ ಹೊಂದುವುದಿಲ್ಲ, ಬಿಪಿ ಇದ್ದವರಿಗಂತೂ ಡಾಕ್ಟರು ನೋಡಿಯೇ ಬರೆಯಬೇಕು. ಎದೆ ಕೆಂಪಾಗಿ ಜ್ವರ ಬಂದರೆ ವಾಪಸ್ ಬರಲು ಹೇಳಿ.

ಮನೆಗೆ ಕಳಿಸುವ ಮುನ್ನ

ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕೇ ಎಂದು ಡಾಕ್ಟರಲ್ಲಿ ಕೇಳಿ; ಅದಕ್ಕಿರುವ ಸಮಯ 72 ಗಂಟೆ. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ, ಕೆಟ್ಟ ವಾಸನೆ, ಜ್ವರ, ತಡೆಯಲಾರದ ಹೊಟ್ಟೆನೋವು ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಬರಬೇಕು.

ಕಾಗದಪತ್ರಗಳೂ ಇವೆ. 28 ವಾರ ತುಂಬಿ ನಿರ್ಜೀವವಾಗಿ ಹುಟ್ಟಿದ ಮಗುವಿನ ನೋಂದಣಿ 21 ದಿನಗಳೊಳಗೆ ಆಗಬೇಕು. ಹೆರಿಗೆ ಆಸ್ಪತ್ರೆಯಲ್ಲಾದರೆ ಮಾಹಿತಿ ಕೊಡುವ ಹೊಣೆ ಆಸ್ಪತ್ರೆಯದೇ. ನೌಕರಿಯಲ್ಲಿರುವ ಅರ್ಹ ಮಹಿಳೆಗೆ ಗರ್ಭಪಾತವಾದರೆ 6 ವಾರ ಸಂಬಳಸಹಿತ ರಜೆ ಕಾನೂನಿನಲ್ಲೇ ಇದೆ. ಅದಕ್ಕೆ ಬೇಕಾದ ಸರ್ಟಿಫಿಕೇಟನ್ನು ಆಕೆ ಕೇಳುವ ಮೊದಲೇ ಬರೆಸಿಕೊಡಿ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಗಂಡನ ಫೋನಿನಲ್ಲೂ ಸೇವ್ ಮಾಡಿಸಿ. ಇನ್ನೊಂದು ಕೆಲಸ, ಆಕೆಯ ಊರಿನ ಆಶಾ ಕಾರ್ಯಕರ್ತೆಗೆ ಅದೇ ದಿನ ಫೋನ್ ಮಾಡಿ ವಿಷಯ ತಿಳಿಸಿ, ತಾಯಿ ಕಾರ್ಡಿನಲ್ಲೂ ಬರೆಸಿ. ಇಲ್ಲವಾದರೆ ಒಂದೂವರೆ ತಿಂಗಳಿಗೆ ಮಗುವಿನ ಲಸಿಕೆ ಕೇಳಿಕೊಂಡು ಯಾರಾದರೂ ಆ ಮನೆಯ ಬಾಗಿಲು ತಟ್ಟುತ್ತಾರೆ.